ಕಾಕ್‌ಪಿಟ್ ಎಂಬ ವಠಾರ: ಸಣ್ಣ ವಿಮಾನಗಳ ರೇಡಿಯೋ ಕಿರಿಕಿರಿಯ ಚರಿತ್ರೆ

ವಿಡಿಯೋದಲ್ಲಿ ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ತಿದ್ದಿ, ಲೆಕ್ಕಗಳನ್ನ ಬಿಡಿಸಿ ಕೊಟ್ಟಿದ್ದೀನಿ.

ಊರಿಗೆ ಹೋಗಿ ಬರೋಕೆ ವಿಮಾನ ಹತ್ತೋದು ನಮ್ಮಂಥ ಹೊರನಾಡಿನವರಿಗೆ ಈಗ ಮಾಮೂಲಾಗಿದೆ. ಬಾಗಿಲು ಹಾಕಿದ ಕೂಡಲೇ "ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ" ಅಂತಾರೆ. ಪಕ್ಕದವರು ಕೆಲವರು "ಸುಮ್ನೆ ಹೇಳ್ತಾರೆ ಬಿಡಿ" ಅಂತಾರೆ. ಇನ್ನು ಕೆಲವರು "ಹಾಕದಿದ್ರೆ ವಿಮಾನ ಬಿದ್ದೇಬಿಡುತ್ತೆ" ಅಂತ ಹೆದರ್ತಾರೆ. ಎರಡೂ ಸರಿಯಲ್ಲ. ಸರಿಯಾದ್ದು ಏನು ಅಂತ ತಿಳಿಬೇಕಾದ್ರೆ ದೊಡ್ಡ ಜೆಟ್ ವಿಮಾನ ಬಿಟ್ಟು, ಇಬ್ಬರೋ ನಾಲ್ವರೋ ಕೂರೋ ಸಣ್ಣ ವಿಮಾನದ ಕಾಕ್‌ಪಿಟ್ಟಿಗೆ ಹೋಗಬೇಕು. ಅಲ್ಲಿ ರೇಡಿಯೋ, ಎಂಜಿನ್, ದೀಪ, ಚಾರ್ಜರ್, ಫೋನು ಎಲ್ಲವೂ ಒಂದು ವಠಾರದಲ್ಲಿ ಇದ್ದ ಹಾಗೆ ಇರುತ್ತವೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದ್ರೆ ಇನ್ನೊಂದು ಮನೆಯವರು ಸೀನಬೇಕು.

ಒಂದು ಸಾಧನದಿಂದ ಇನ್ನೊಂದಕ್ಕೆ ಆಗೋ ಈ ತೊಂದರೆಗೆ ಇಂಟರ್‌ಫಿಯರೆನ್ಸ್ ಅಂತಾರೆ. ಅದರ ಚರಿತ್ರೆ ಓದ್ತಾ ನನಗೆ ಕಂಡದ್ದನ್ನ ಮೊದಲೇ ಹೇಳಿಬಿಡ್ತೀನಿ. ಶುರುವಿನಲ್ಲಿ ಈ ಕಾಟ ಪೈಲಟ್‌ನ ಕಿವಿಗೆ ಕೇಳಿಸ್ತಿತ್ತು. ಆಮೇಲೆ ಕಿವಿ ಬಿಟ್ಟು ಕಣ್ಣಿಗೆ, ಅಂದ್ರೆ ಮೀಟರಿನ ಮುಳ್ಳಿಗೆ ಬಂತು. ಈಗ ಎಷ್ಟೋ ಸಲ ಅದು ಕೇಳಿಸೋದೂ ಇಲ್ಲ, ಕಾಣಿಸೋದೂ ಇಲ್ಲ. ಸದ್ದು ಕಡಿಮೆ ಆಗ್ತಾ ಆಗ್ತಾ ಅಪಾಯ ಜಾಸ್ತಿ ಆದ ಕತೆ ಇದು.

ರೇಡಿಯೋನೇ ಇಲ್ಲದ ದಿನಗಳು

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂದು ಪುಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಹೊತ್ತು ಹೊರಟರು. ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂಬೈನ ಜುಹುಗೆ ಬಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅಂಚೆಯನ್ನ ನಮ್ಮ ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದರು. ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನೆಲ ನೋಡ್ಕೊಂಡು, ದಿಕ್ಸೂಚಿ ನೋಡ್ಕೊಂಡು, ರೈಲು ಹಳಿ ನದಿ ಗುರುತು ಹಿಡ್ಕೊಂಡು ಹೋಗೋ ಕಾಲ ಅದು.

ರೇಡಿಯೋ ಇಲ್ಲ ಅಂದ್ಮೇಲೆ ಅದಕ್ಕೆ ಅಡ್ಡಿಯೂ ಇಲ್ಲ. ಆದರೆ ಅಡ್ಡಿ ಮಾಡೋನು ಮಾತ್ರ ಆಗಲೇ ಬಂದು ಕೂತಿದ್ದ. ಅದೇ ಎಂಜಿನ್.

1887ರ ಸುಮಾರಿಗೆ ಜರ್ಮನಿಯ ಹೈನ್ರಿಕ್ ಹರ್ಟ್ಸ್ ರೇಡಿಯೋ ಅಲೆಗಳನ್ನ ತೋರಿಸಿಕೊಟ್ಟದ್ದು ಹೇಗೆ? ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿಸಿ. ಆಮೇಲೆ ಬಂದ ಮಾರ್ಕೋನಿಯವರ ಮೊದಲ ಟ್ರಾನ್ಸ್‌ಮಿಟರ್‌ಗಳೂ ಕಿಡಿ ಹಾರಿಸಿಯೇ ಸಂದೇಶ ಕಳಿಸ್ತಿದ್ದವು. ವಿಮಾನದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಮಾಡೋದೂ ಅದನ್ನೇ. ಇವತ್ತಿನ ಒಂದು ನಾಲ್ಕು ಸಿಲಿಂಡರಿನ ತರಬೇತಿ ವಿಮಾನ ತಗೊಳ್ಳಿ. ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗ್ತಿದೆ ಅಂದ್ಕೊಳ್ಳಿ. ಎರಡು ಸುತ್ತಿಗೆ ಒಮ್ಮೆ ಪ್ರತಿ ಸಿಲಿಂಡರಿನಲ್ಲಿ ಉರಿ ಹೊತ್ತಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ ಇರುತ್ತೆ. ಲೆಕ್ಕ ಹಾಕಿದ್ರೆ ಸೆಕೆಂಡಿಗೆ 160 ಕಿಡಿ. ಅಂದ್ರೆ ಪೈಲಟ್‌ನ ಮೊಣಕಾಲಿನ ಮುಂದೆ, ಒಂದು ತೆಳುವಾದ ತಗಡಿನ ಆಚೆ, ಸೆಕೆಂಡಿಗೆ 160 ಸಲ ಕೂಗೋ ಹಳೇ ಕಾಲದ ಟ್ರಾನ್ಸ್‌ಮಿಟರ್ ಇದೆ ಅಂತಾಯ್ತು.

ವಿಮಾನಕ್ಕೆ ರೇಡಿಯೋ ಬಂದಾಗ ಮೊದಲು ಕೇಳಿಸಿದ್ದು ಇದೇ ಗೊರಗೊರ. ಇದಕ್ಕೆ ಕಂಡುಕೊಂಡ ಮದ್ದು ಎರಡು. ಒಂದು, ಮ್ಯಾಗ್ನೆಟೋದಿಂದ ಪ್ಲಗ್‌ವರೆಗಿನ ತಂತಿಗೆ ಹೆಣೆದ ಲೋಹದ ಕವಚ ಹಾಕೋದು. ಎರಡು, ವಿಮಾನದ ಬಿಡಿಬಿಡಿ ಲೋಹದ ಭಾಗಗಳನ್ನೆಲ್ಲ ಪಟ್ಟಿಯಿಂದ ಒಂದಕ್ಕೊಂದು ಬೆಸೆಯೋದು. ಇದಕ್ಕೆ ಬಾಂಡಿಂಗ್ ಅಂತಾರೆ. ಮರ ಮತ್ತು ಬಟ್ಟೆಯ ವಿಮಾನದಲ್ಲಿ ಇದು ಕಷ್ಟದ ಕೆಲಸ, ಯಾಕಂದ್ರೆ ಬೆಸೆಯೋಕೆ ಪೂರ್ತಿ ಲೋಹದ ಮೈಯೇ ಇಲ್ಲ. ಅಲ್ಯೂಮಿನಿಯಂ ವಿಮಾನ ಬಂದಮೇಲೆ ಸುಲಭವಾಯ್ತು. ಈಗ ಚಕ್ರ ಮತ್ತೆ ತಿರುಗಿದೆ. ಬೆಂಗಳೂರಿನ ಎನ್‌ಎಎಲ್ ಕಟ್ಟಿದ ಎರಡು ಸೀಟಿನ ಹಂಸ 1993ರಲ್ಲಿ ಮೊದಲು ಹಾರಿದಾಗ ಅದರ ಮೈ ಕಾಂಪೋಸಿಟ್‌ನದು, ಅಂದ್ರೆ ನಾರು ಮತ್ತು ರಾಳದ್ದು. ಇಂಥ ಮೈ ಹಗುರ, ಗಟ್ಟಿ, ನುಣುಪು. ಆದರೆ ರೇಡಿಯೋ ಕಣ್ಣಿಗೆ ಗಾಜಿನ ಕೋಣೆ ಇದ್ದಂಗೆ. ಇಂಥ ವಿಮಾನಗಳಲ್ಲಿ ಆಂಟೆನಾ ಕೆಳಗೆ ಲೋಹದ ಹಾಳೆಯನ್ನೋ ಜಾಲರಿಯನ್ನೋ ಬೇರೆಯಾಗಿ ಕೊಡಬೇಕಾಗುತ್ತೆ.

ಮೋಡದಿಂದಲೂ ಕಾಟ ಇತ್ತು. ಹಿಮ, ಮಳೆ, ಧೂಳು ವಿಮಾನದ ಮೈಗೆ ಉಜ್ಜಿ ಉಜ್ಜಿ ವಿದ್ಯುತ್ ಶೇಖರವಾಗಿ, ರೆಕ್ಕೆಯ ತುದಿಯಿಂದ ಚಿಟಪಟ ಅಂತ ಸೋರ್ತಿತ್ತು. ದಾರಿ ತೋರಿಸೋ ರೇಡಿಯೋ ಬೇಕಾದದ್ದೇ ಮೋಡದೊಳಗೆ, ಅದು ಕೈಕೊಡ್ತಿದ್ದದ್ದೂ ಅಲ್ಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಮತ್ತು ನೌಕಾಪಡೆ ಸೇರಿ ಇದಕ್ಕೇ ಒಂದು ಸಂಶೋಧನೆ ನಡೆಸಿದವು. ಇವತ್ತು ನೀವು ಕಿಟಕಿಯಿಂದ ನೋಡಿದ್ರೆ ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಬೆರಳುದ್ದದ ಕಡ್ಡಿಗಳು ಕಾಣ್ತವಲ್ಲ, ಅವು ಆ ವಿದ್ಯುತ್ತನ್ನ ಸದ್ದಿಲ್ಲದೆ ಗಾಳಿಗೆ ಬಿಡೋಕೆ ಇರೋವು.

ಇಲ್ಲಿ ಒಂದು ಮಾತು ಗಮನಿಸಿ. ಗೊರಗೊರ ಕೇಳಿದ ಪೈಲಟ್‌ಗೆ ಏನೋ ಸರಿಯಿಲ್ಲ ಅಂತ ಗೊತ್ತಾಗ್ತಿತ್ತು. ವಿಮಾನದ ಮಾತುಕತೆಗೆ ಇವತ್ತಿಗೂ ಎಎಂ ರೇಡಿಯೋನೇ ಬಳಸೋಕೆ ಇದೂ ಒಂದು ಕಾರಣ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ್ರೆ ಜೋರಿನವನ ದನಿ ಮಾತ್ರ ಬರುತ್ತೆ, ಇನ್ನೊಬ್ಬ ಕರೆದದ್ದೇ ಗೊತ್ತಾಗಲ್ಲ. ಎಎಂನಲ್ಲಿ ಇಬ್ಬರದೂ ಸೇರಿ ಕೀಚಲು ಶಬ್ದ ಬರುತ್ತೆ. ಕಿವಿಗೆ ಕೆಟ್ಟದು, ಆದರೆ "ಇನ್ನೊಬ್ಬರು ಯಾರೋ ಇದ್ದಾರೆ" ಅಂತ ಅದೇ ಹೇಳಿಬಿಡುತ್ತೆ.

ಮುಳ್ಳು ಸುಳ್ಳು ಹೇಳಿದಾಗ

ಯುದ್ಧ ಮುಗಿದ ಮೇಲೆ ದಾರಿ ತೋರಿಸೋಕೆ ವಿಓಆರ್ ಅನ್ನೋ ವ್ಯವಸ್ಥೆ ಬಂತು. ನೆಲದ ಕೇಂದ್ರವೊಂದು 108ರಿಂದ 117.95 ಮೆಗಾಹರ್ಟ್ಸ್ ಒಳಗೆ ಸಂಕೇತ ಕಳಿಸುತ್ತೆ. ಕಾಕ್‌ಪಿಟ್ಟಿನಲ್ಲಿ ಒಂದು ಮುಳ್ಳು ಎಡಕ್ಕೋ ಬಲಕ್ಕೋ ಸರಿದು, ನೀನು ದಾರಿಯಿಂದ ಇಷ್ಟು ಆಚೆ ಇದ್ದೀಯ ಅಂತ ತೋರಿಸುತ್ತೆ. ಈಗ ಸಂಕೇತ ಕಿವಿಗಲ್ಲ, ಮುಳ್ಳಿಗೆ.

ಅದೇ ಹೊತ್ತಿಗೆ ಜನರ ಕೈಗೆ ಬ್ಯಾಟರಿಯ ಎಫ್‌ಎಂ ರೇಡಿಯೋ ಬಂತು. ಅದು ಹಾಡು ಹಿಡಿಯೋ ಡಬ್ಬಿ, ಕಳಿಸೋದಲ್ಲ. ಅದರಿಂದ ಏನು ತೊಂದರೆ ಅನಿಸುತ್ತೆ. ಆದರೆ ರೇಡಿಯೋ ರಿಸೀವರ್ ಒಳಗೆ ಒಂದು ಪುಟ್ಟ ಆಸಿಲೇಟರ್ ಇರುತ್ತೆ. ಸಾಮಾನ್ಯವಾಗಿ ಎಫ್‌ಎಂ ರೇಡಿಯೋದಲ್ಲಿ ಅದು ನೀವು ಟ್ಯೂನ್ ಮಾಡಿದ ಸ್ಟೇಷನ್‌ಗಿಂತ ಸರಿಯಾಗಿ 10.7 ಮೆಗಾಹರ್ಟ್ಸ್ ಮೇಲೆ ಮಿಡೀತಾ ಇರುತ್ತೆ. ಬೆಂಗಳೂರಿನಲ್ಲಿ ಕಾಮನಬಿಲ್ಲು ಎಫ್‌ಎಂ ಕೇಳಿ ಬೆಳೆದವರಿಗೆ 101.3 ಬಾಯಿಪಾಠ. ಅದಕ್ಕೆ 10.7 ಕೂಡಿಸಿ. ಸರಿಯಾಗಿ 112.0. ಅದು ವಿಓಆರ್‌ನ ಜಾಗ! 97.3ರಿಂದ 107ರವರೆಗಿನ ಯಾವ ಸ್ಟೇಷನ್ ಹಾಕಿದ್ರೂ ಆಸಿಲೇಟರ್ ಹೋಗಿ ಬೀಳೋದು ವಿಮಾನದ ದಾರಿಯ ಮೇಲೆಯೇ. ಸೋರಿಕೆ ತೀರಾ ಸಣ್ಣದು. ಆದರೆ ವಿಓಆರ್ ಕೇಂದ್ರ ಎಲ್ಲೋ ಹತ್ತಾರು ಕಿಲೋಮೀಟರ್ ದೂರದಲ್ಲಿ, ಹಾಡಿನ ಡಬ್ಬಿ ಸೀಟಿನ ಮೇಲೆ.

1961ರಲ್ಲಿ ಅಮೆರಿಕದ ಎಫ್‌ಎಎ ವಿಮಾನದೊಳಗೆ ಕೈರೇಡಿಯೋ ಎಫ್‌ಎಂ ಬಳಕೆಗೆ ತಡೆ ಹಾಕಿತು. 1963ರಲ್ಲಿ ಆರ್‌ಟಿಸಿಎ ಅನ್ನೋ ತಾಂತ್ರಿಕ ಮಂಡಳಿ, ಪ್ರಯಾಣಿಕರು ಒಯ್ಯೋ ಸಾಧನಗಳಿಂದ ಆಗೋ ಅಡ್ಡಿಯ ಬಗ್ಗೆ ಮೊದಲ ವರದಿ ಕೊಟ್ಟಿತು. ನಾವು ಇವತ್ತು ಕೇಳೋ ಫ್ಲೈಟ್ ಮೋಡ್ ಮಾತಿನ ಅಜ್ಜ ಇದೇ. ಮೊಬೈಲ್ ಹುಟ್ಟೋಕೆ ಮುಂಚಿನ ನಿಯಮ, ಕಾರಣ ಹಾಡು ಕೇಳೋ ರೇಡಿಯೋ.

ಅಲ್ಲಿಂದ ಬೆಳೆದ ಅಮೆರಿಕದ ನಿಯಮದಲ್ಲಿ ನಾಲ್ಕು ವಸ್ತುಗಳಿಗೆ ನೇರ ರಿಯಾಯಿತಿ ಇದೆ: ವಾಯ್ಸ್ ರೆಕಾರ್ಡರ್, ಶ್ರವಣ ಸಾಧನ, ಪೇಸ್‌ಮೇಕರ್, ಗಡ್ಡ ಹೆರೆಯೋ ಎಲೆಕ್ಟ್ರಿಕ್ ಶೇವರ್. ಉಳಿದದ್ದೆಲ್ಲ ಸುರಕ್ಷಿತವೋ ಅಲ್ಲವೋ ಅಂತ ವಿಮಾನ ನಡೆಸುವವರೇ ತೀರ್ಮಾನಿಸಬೇಕು. ಏರ್‌ಲೈನ್‌ಗೆ ಎಂಜಿನಿಯರ್‌ಗಳ ಪಡೆ ಇರುತ್ತೆ, ಪರೀಕ್ಷೆ ಮಾಡಿಸ್ತಾರೆ. ಸಣ್ಣ ವಿಮಾನದಲ್ಲಿ ಆ ತೀರ್ಮಾನ ಪೈಲಟ್ ಒಬ್ಬರ ತಲೆ ಮೇಲೆ.

ಕ್ರೈಸ್ಟ್‌ಚರ್ಚ್, 2003

ಈ ಚರಿತ್ರೆಯಲ್ಲಿ ನನ್ನನ್ನ ಜಾಸ್ತಿ ಕಾಡಿದ ಘಟನೆ ಇದು. 2003ರ ಜೂನ್ 6, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್. ಪೈಪರ್ ನವಾಹೋ ಚೀಫ್‌ಟನ್ ಅನ್ನೋ ಎರಡು ಎಂಜಿನ್ನಿನ ಸಣ್ಣ ವಿಮಾನ, ಒಳಗೆ ಪೈಲಟ್ ಸೇರಿ 10 ಜನ. ಕತ್ತಲು, ಮಂಜು. ಉಪಕರಣ ನಂಬಿಕೊಂಡು ಇಳೀತಿದ್ದ ವಿಮಾನ ರನ್‌ವೇ ಇನ್ನೂ ಮುಂದಿರುವಾಗಲೇ ಮರಗಳಿಗೆ ಬಡಿದು ನೆಲಕ್ಕಪ್ಪಳಿಸಿತು. 8 ಜನ ತೀರಿಕೊಂಡರು, ಇಬ್ಬರು ಉಳಿದರು.

ಅಲ್ಲಿನ ಸಾರಿಗೆ ಅಪಘಾತ ತನಿಖಾ ಆಯೋಗ ಮುಖ್ಯವಾಗಿ ಹೇಳಿದ್ದು, ರನ್‌ವೇ ಕಣ್ಣಿಗೆ ಬೀಳದೆ ವಿಮಾನ ಕನಿಷ್ಠ ಎತ್ತರಕ್ಕಿಂತ ಕೆಳಗೆ ಇಳಿದಿತ್ತು ಅಂತ. ಜೊತೆಗೆ ಇನ್ನೊಂದು ವಿಷಯ ದಾಖಲಿಸಿತು. ಪೈಲಟ್‌ನ ಮೊಬೈಲಿನಿಂದ ಹೋದ ಒಂದು ಕರೆ ಇಳಿಯೋ ಕೊನೆಯ ನಿಮಿಷಗಳಲ್ಲಿ ತೆರೆದೇ ಇತ್ತು. ಆ ಫೋನಿನಿಂದ ಉಪಕರಣ ತಪ್ಪು ತೋರಿಸಿರಬಹುದಾದ ಸಾಧ್ಯತೆಯನ್ನ ಆಯೋಗ ಗಮನಕ್ಕೆ ತಂತು. "ಸಾಧ್ಯತೆ" ಅನ್ನೋ ಪದವನ್ನ ಒತ್ತಿ ಹೇಳ್ತೀನಿ. ಫೋನೇ ಕಾರಣ ಅಂತ ಯಾರೂ ಸಾಬೀತು ಮಾಡಿಲ್ಲ.

ಸಾಬೀತು ಮಾಡೋಕೆ ಆಗದಿರೋದೇ ಇಲ್ಲಿನ ಕಷ್ಟ ಅಂತ ನನಗನ್ನಿಸುತ್ತೆ. ಒಡೆದ ಪೈಪು, ತುಂಡಾದ ತಂತಿ ಅವಶೇಷದಲ್ಲಿ ಸಿಗುತ್ತೆ. ರೇಡಿಯೋ ಅಡ್ಡಿ ಬಂದು ಹೋದ ಗುರುತು ಎಲ್ಲೂ ಉಳಿಯಲ್ಲ. ಮುಳ್ಳಿಗೆ ಸಿಗ್ನಲ್ ಸಿಗದಿದ್ದರೆ ಮೀಟರಿನಲ್ಲಿ ಎಚ್ಚರಿಕೆಯ ಫ್ಲ್ಯಾಗ್ ಬೀಳುತ್ತೆ. ಸಿಗ್ನಲ್ ಜೊತೆಗೆ ಬೇರೇನೋ ಬೆರೆತರೆ ಫ್ಲ್ಯಾಗ್ ಬಂದೇ ಬರುತ್ತೆ ಅನ್ನೋ ಭರವಸೆ ಇಲ್ಲ.

ಸಣ್ಣ ವಿಮಾನದಲ್ಲಿ ದೂರದ ಲೆಕ್ಕವೂ ಬೇರೆ. ದೊಡ್ಡ ಜೆಟ್‌ನಲ್ಲಿ ನೀವು ಆಂಟೆನಾದಿಂದ 20 ಮೀಟರ್ ಆಚೆ ಕೂತಿರಬಹುದು. ಸಣ್ಣ ವಿಮಾನದಲ್ಲಿ ಫೋನು ತೊಡೆಯ ಮೇಲೆ, ಆಂಟೆನಾ ತಲೆಯ ಮೇಲೆ, ನಡುವೆ ಒಂದು ಮೀಟರ್. ದೂರ 20ನೇ ಒಂದು ಭಾಗವಾದರೆ, ಬೇರೇನೂ ಅಡ್ಡ ಇಲ್ಲದಿದ್ದಾಗ, ತಲುಪೋ ಶಕ್ತಿ 400 ಪಟ್ಟು. ಹಳೇ ಜಿಎಸ್‌ಎಂ ಫೋನು ಸ್ಪೀಕರ್ ಪಕ್ಕ ಇಟ್ಟಾಗ ಕರೆ ಬರೋ ಮುಂಚೆ ಟ್ರ್ ಟ್ರ್ ಅಂತಿದ್ದದ್ದು ನೆನಪಿದೆಯಾ? ಆ ಫೋನು ಸೆಕೆಂಡಿಗೆ ಸುಮಾರು 217 ಸಲ ತುಂಡು ತುಂಡಾಗಿ ಕಳಿಸ್ತಿತ್ತು, ಸ್ಪೀಕರ್ ಅದನ್ನೇ ಸದ್ದಾಗಿ ಮಾಡ್ತಿತ್ತು. ಪೈಲಟ್‌ಗಳ ಹೆಡ್‌ಸೆಟ್‌ನಲ್ಲಿ ಅದೇ ಟ್ರ್ ಟ್ರ್ ಕೇಳಿಸಿದ್ರೆ, ಯಾರದೋ ಫೋನು ಆನ್ ಇದೆ ಅಂತ ಅರ್ಥ.

ಮಲಗಿದ್ದವನೇ ಕಳ್ಳ

ಮೂರನೇ ಘಟ್ಟ ಜಿಪಿಎಸ್‌ನದು. 1995ರಲ್ಲಿ ಜಿಪಿಎಸ್ ಪೂರ್ಣ ಪ್ರಮಾಣದಲ್ಲಿ ಶುರುವಾಯ್ತು. ಉಪಗ್ರಹದ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ, 20,000 ಕಿಲೋಮೀಟರ್ ಮೇಲಿಂದ ಬರುತ್ತೆ. ನೆಲಕ್ಕೆ ಮುಟ್ಟೋ ಹೊತ್ತಿಗೆ ಅದರ ಶಕ್ತಿ ಒಂದು ವಾಟ್‌ನ ಕೋಟಿ ಕೋಟಿಯಲ್ಲಿ ಒಂದು ಪಾಲು, ಅದರಲ್ಲೂ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಅದೇ ವಿಮಾನದಲ್ಲಿ ಕಂಟ್ರೋಲ್ ಟವರ್ ಜೊತೆ ಮಾತಾಡೋ ರೇಡಿಯೋ ಹತ್ತು ವಾಟ್ ಆಸುಪಾಸಿನಲ್ಲಿ ಕೂಗುತ್ತೆ.

ಮಾತಿನ ರೇಡಿಯೋ ಇರೋದು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ. ದೂರ ದೂರ ಅನಿಸುತ್ತಲ್ಲ? ಆದರೆ ಯಾವ ಟ್ರಾನ್ಸ್‌ಮಿಟರ್ ಆದರೂ ತನ್ನ ಫ್ರೀಕ್ವೆನ್ಸಿಯ ಎರಡು ಪಟ್ಟು, ಮೂರು ಪಟ್ಟು, ಹೀಗೆ ಮೇಲಿನ ಸ್ವರಗಳನ್ನೂ ಸ್ವಲ್ಪ ಸೋರಿಸುತ್ತೆ. ತಂಬೂರಿ ಮೀಟಿದಾಗ ಮೇಲಿನ ಸ್ವರಗಳೂ ಕೇಳಿಸ್ತವಲ್ಲ, ಹಾಗೆ. 121.175ನ್ನ 13ರಿಂದ ಗುಣಿಸಿ: 1575.275. 131.275ನ್ನ 12ರಿಂದ ಗುಣಿಸಿ: 1575.3. ಎರಡೂ ಜಿಪಿಎಸ್ ಮನೆಯ ಬಾಗಿಲಿಗೇ ಬಂತು. ಅದಕ್ಕೇ ಜಿಪಿಎಸ್ ಕೂರಿಸಿದ ಮೇಲೆ ಮೆಕ್ಯಾನಿಕ್ 121.150, 121.175, 121.200, ಆಮೇಲೆ 131.250, 131.275, 131.300, ಈ ಆರು ಫ್ರೀಕ್ವೆನ್ಸಿಗಳಲ್ಲಿ ಒಂದೊಂದರಲ್ಲೂ ಅರ್ಧ ನಿಮಿಷದ ಮೇಲೆ ಬಟನ್ ಒತ್ತಿ ಹಿಡಿದು, ಉಪಗ್ರಹ ಕಳಕೊಳ್ಳುತ್ತಾ ಅಂತ ನೋಡೋ ಪರೀಕ್ಷೆ ಇದೆ.

ಇನ್ನೂ ವಿಚಿತ್ರ ಕೇಳಿ. ಸಣ್ಣ ವಿಮಾನದ ಬಾಲದಲ್ಲಿ ಇಎಲ್‌ಟಿ ಅನ್ನೋ ಪೆಟ್ಟಿಗೆ ಇರುತ್ತೆ. ಅಪಘಾತವಾದ್ರೆ ಮಾತ್ರ ತಾನಾಗೇ ಎದ್ದು 121.5ರಲ್ಲೂ, ಹೊಸದಾದರೆ 406 ಮೆಗಾಹರ್ಟ್ಸ್‌ನಲ್ಲೂ ಕೂಗಬೇಕಾದದ್ದು. ಉಳಿದ ಹೊತ್ತು ಮಲಗಿರುತ್ತೆ. ಪೈಲಟ್ ರೇಡಿಯೋದಲ್ಲಿ ಮಾತಾಡಿದಾಗ ಆ ಶಕ್ತಿ ಇಎಲ್‌ಟಿಯ ಆಂಟೆನಾಕ್ಕೆ ಬಡಿದು, ಒಳಗಿನ ಟ್ರಾನ್ಸಿಸ್ಟರ್‌ಗೆ ತಾಗಿ, ಗುಣಿಸಿಕೊಂಡು ಮತ್ತೆ ಹೊರಗೆ ಹೊರಟ ಪ್ರಸಂಗಗಳಿವೆ. ಪೆಟ್ಟಿಗೆ ಆನ್ ಆಗಿಯೇ ಇಲ್ಲ, ಜಿಪಿಎಸ್ ಮಾತ್ರ ಕುರುಡು. ರೇಡಿಯೋ ಬದಲಿಸಿದ್ರೂ, ಜಿಪಿಎಸ್ ಬದಲಿಸಿದ್ರೂ ತೊಂದರೆ ಹೋಗಲ್ಲ. ಇಎಲ್‌ಟಿಯ ಆಂಟೆನಾ ತಂತಿ ಕಳಚಿ ನೋಡಿದಾಗ ಸರಿಹೋದ್ರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ತಂತಿ ಮತ್ತೆ ಹಾಕಿ, ನಡುವೆ ಒಂದು ಫಿಲ್ಟರ್ ಕೂರಿಸ್ತಾರೆ, ಅಥವಾ ಆಂಟೆನಾಗಳನ್ನ ದೂರ ಮಾಡ್ತಾರೆ.

ಹುಡುಕೋ ವಿದ್ಯೆ

ಹಾಗಾದ್ರೆ ಇಷ್ಟು ವರ್ಷದಲ್ಲಿ ಮೆಕ್ಯಾನಿಕ್‌ಗಳು ಕಟ್ಟಿಕೊಂಡ ವಿದ್ಯೆ ಏನು? ಮೊದಲ ಹೆಜ್ಜೆ ಕಿವಿಗೊಡೋದು. ಎಂಜಿನ್ ವೇಗ ಏರಿಸಿದಂತೆ ಸಿಳ್ಳೆಯಂಥ ದನಿ ಏರಿದ್ರೆ ಆಲ್ಟರ್ನೇಟರ್ ಮೇಲೆ ಅನುಮಾನ. ಅದನ್ನ ಒಂದು ಕ್ಷಣ ಆಫ್ ಮಾಡಿದ್ರೆ ನಿಲ್ಲುತ್ತೆ. ಚಿಟಪಟ ವೇಗದ ಜೊತೆ ಏರಿದ್ರೆ ಮ್ಯಾಗ್ನೆಟೋ ಅಥವಾ ಪ್ಲಗ್ ತಂತಿಯ ಕವಚ. ಸೆಕೆಂಡಿಗೊಂದು ಟಿಕ್ ಅಂದ್ರೆ ರೆಕ್ಕೆ ತುದಿಯ ಮಿಂಚು ದೀಪ.

ಎರಡನೇ ಹೆಜ್ಜೆ, ರೇಡಿಯೋದ ಆಂಟೆನಾ ತಂತಿ ಕಳಚೋದು. ಗೊರಗೊರ ನಿಂತರೆ ಅದು ಗಾಳಿಯಲ್ಲಿ ಬಂದು ಆಂಟೆನಾದಿಂದ ಒಳಗೆ ಬರ್ತಿತ್ತು. ನಿಲ್ಲದಿದ್ರೆ ಕರೆಂಟಿನ ತಂತಿಯಲ್ಲೋ ಅರ್ತಿಂಗ್‌ನಲ್ಲೋ ಬರ್ತಿದೆ. ಇದೊಂದೇ ಪರೀಕ್ಷೆಯಿಂದ ಹುಡುಕೋ ಕೆಲಸ ಅರ್ಧಕ್ಕೆ ಇಳಿಯುತ್ತೆ. ಹೆಡ್‌ಸೆಟ್ ಚುಚ್ಚೋ ಜಾಕ್ ಲೋಹದ ಪ್ಯಾನೆಲ್‌ಗೆ ತಾಗದ ಹಾಗೆ ಪುಟ್ಟ ವಾಷರ್ ಇರುತ್ತೆ. ಅದು ಸವೆದು ಜಾಕ್ ಮೈಗೆ ತಾಗಿದ್ರೆ ಸಾಕು, ಎರಡು ಕಡೆ ಅರ್ತ್ ಆಗಿ ವಿಮಾನದ ಗಲಾಟೆಯೆಲ್ಲ ಕಿವಿಗೆ ಬರುತ್ತೆ.

ಮೂರನೇ ಹೆಜ್ಜೆ, ನೆಲದ ಮೇಲೆ, ಎಂಜಿನ್ ನಿಲ್ಲಿಸಿ, ಬ್ಯಾಟರಿ ಮಾತ್ರ ಹಾಕಿ ಒಂದೊಂದೇ ಬ್ರೇಕರ್ ಎಳೀತಾ ಹೋಗೋದು. ಈಗಿನ ದೊಡ್ಡ ಆರೋಪಿ ಸಿಗರೇಟ್ ಸಾಕೆಟ್‌ಗೆ ಚುಚ್ಚೋ ಅಗ್ಗದ ಯುಎಸ್‌ಬಿ ಚಾರ್ಜರ್ ಮತ್ತು ಎಲ್‌ಇಡಿ ದೀಪದ ಒಳಗಿನ ಸರ್ಕ್ಯೂಟು. ಇವು ವೋಲ್ಟೇಜ್ ಇಳಿಸೋಕೆ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗ್ತವೆ. 300 ಕಿಲೋಹರ್ಟ್ಸ್‌ನಲ್ಲಿ ಮಿಡಿಯೋ ಚಾರ್ಜರಿನ 400ನೇ ಪಟ್ಟು 120 ಮೆಗಾಹರ್ಟ್ಸ್, ಮಾತಿನ ರೇಡಿಯೋದ ನಡುಮನೆ. ಎಲ್ಲ ಫ್ರೀಕ್ವೆನ್ಸಿಯಲ್ಲೂ ಕಾಟ ಇರಲ್ಲ, ಕೆಲವದರಲ್ಲಿ ಮಾತ್ರ. ಅದಕ್ಕೇ "ಮೊನ್ನೆ ಸರಿ ಇತ್ತಲ್ಲ" ಅಂತ ಪೈಲಟ್ ಅನ್ನೋದು. ಮೊನ್ನೆ ಬೇರೆ ಏರ್‌ಪೋರ್ಟಿನ ಫ್ರೀಕ್ವೆನ್ಸಿ ಹಾಕಿದ್ದ, ಅಷ್ಟೇ. ಇನ್ನೂ ಕೆಟ್ಟದು ಏನಂದ್ರೆ, ಈ ಗಲಾಟೆ ಸದ್ದಾಗಿ ಬರದೆ ಇರಬಹುದು. ದೂರದ ಟವರಿನ ಸಣ್ಣ ದನಿಯನ್ನ ಮುಚ್ಚಿಬಿಡಬಹುದು. ಟವರ್ ಕರೀತಿದೆ, ಪೈಲಟ್ ಎಲ್ಲ ಶಾಂತ ಅಂದ್ಕೊಂಡು ಹಾರ್ತಿದ್ದಾನೆ.

ಈ ವಿದ್ಯೆಯ ಸಾರ ನನಗೆ ಹೀಗೆ ಕಾಣುತ್ತೆ. "ಕೆಟ್ಟಿರೋದು ಯಾವುದು" ಅಂತ ಹುಡುಕಿದ್ರೆ ಬಹಳ ಸಲ ಸಿಗಲ್ಲ, ಯಾಕಂದ್ರೆ ಕೆಟ್ಟಿರೋದೇ ಇಲ್ಲ. ಎಫ್‌ಎಂ ರೇಡಿಯೋ ಚೆನ್ನಾಗಿ ಹಾಡ್ತಿತ್ತು, ಇಎಲ್‌ಟಿ ಸರಿಯಾಗಿ ಮಲಗಿತ್ತು, ಚಾರ್ಜರ್ ಫೋನ್ ಚಾರ್ಜ್ ಮಾಡ್ತಿತ್ತು. ವಠಾರದಲ್ಲಿ ಎಲ್ಲರೂ ಒಳ್ಳೆಯವರೇ, ಗೋಡೆ ಮಾತ್ರ ತೆಳು. ಹಾಗಾಗಿ ಯಾವುದು ಆನ್ ಇದ್ದಾಗ ಯಾವುದಕ್ಕೆ ತೊಂದರೆ ಅಂತ ಜೋಡಿ ಜೋಡಿಯಾಗಿ ನೋಡಬೇಕು.

ಪಕ್ಕದ ಮನೆಯವರು ಬಂದಾಗ

2022ರ ಜನವರಿಯಲ್ಲಿ ಇದೇ ಕತೆ ದೊಡ್ಡ ವಿಮಾನಗಳಿಗೆ ಬಂತು. ಅಮೆರಿಕದಲ್ಲಿ 3.7 ಗಿಗಾಹರ್ಟ್ಸ್‌ನಿಂದ ಮೇಲೆ 5ಜಿ ಶುರುವಾಗೋದಿತ್ತು. ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆಯೋ ರೇಡಿಯೋ ಆಲ್ಟಿಮೀಟರ್ ಇರೋದು 4.2ರಿಂದ 4.4ರಲ್ಲಿ. ನಡುವೆ ಜಾಗ ಇದ್ದರೂ, ಹಳೇ ಆಲ್ಟಿಮೀಟರ್‌ಗಳು ಪಕ್ಕದ ಸದ್ದನ್ನ ಸೋಸಲಾರವು ಅಂತ ಭಯ ಬಂತು. ಏರ್ ಇಂಡಿಯಾ ಕೂಡ ಅಮೆರಿಕದ ಕೆಲವು ವಿಮಾನಗಳನ್ನ ರದ್ದು ಮಾಡಿತು. ನಮ್ಮಲ್ಲಿ ಅದೇ ವರ್ಷದ ಕೊನೆಗೆ, ರನ್‌ವೇ ತುದಿಗಳಿಂದ 2.1 ಕಿಲೋಮೀಟರ್ ಒಳಗೆ ಅದರ ಹತ್ತಿರದ ಬ್ಯಾಂಡಿನ 5ಜಿ ಟವರ್ ಹಾಕಬೇಡಿ ಅಂತ ದೂರಸಂಪರ್ಕ ಇಲಾಖೆ ಹೇಳಿತು. ಇಲ್ಲಿ ಕಿವಿಗೆ ಗೊರಗೊರ ಬರಲ್ಲ. ಎತ್ತರದ ಅಂಕಿಯೊಂದು ತಪ್ಪಾಗಿ ಬಂದ್ರೆ ಅದನ್ನ ನಂಬೋ ಕಂಪ್ಯೂಟರ್ ಎಂಜಿನ್‌ಗೋ ಬ್ರೇಕಿಗೋ ತಪ್ಪು ಆಜ್ಞೆ ಕೊಡಬಹುದು.

ಇಷ್ಟೆಲ್ಲ ಹೇಳಿ, ಫ್ಲೈಟ್ ಮೋಡ್ ಮಾತಿಗೆ ಬರ್ತೀನಿ. 2013ರಲ್ಲಿ ಎಫ್‌ಎಎ, 2014ರಲ್ಲಿ ನಮ್ಮ ಡಿಜಿಸಿಎ ಫೋನನ್ನ ಫ್ಲೈಟ್ ಮೋಡ್‌ನಲ್ಲಿಟ್ಟು ಬಳಸೋಕೆ ಒಪ್ಪಿಗೆ ಕೊಟ್ಟವು. ಪರೀಕ್ಷೆ ಮಾಡಿ, ಕವಚ ಗಟ್ಟಿ ಇರೋ ವಿಮಾನಗಳನ್ನ ನೋಡಿ ಕೊಟ್ಟ ಒಪ್ಪಿಗೆ ಅದು. ನಿಮ್ಮ ಒಂದು ಫೋನಿನಿಂದ ಜೆಟ್ ಬೀಳಲ್ಲ. ಆದರೆ ಆ ಮಾತನ್ನ ಸುಮ್ನೆ ಹೇಳೋದೂ ಅಲ್ಲ. ಅದರ ಹಿಂದೆ ಹಾಡಿನ ಡಬ್ಬಿಗೆ ಸರಿದ ಮುಳ್ಳಿದೆ, ಕ್ರೈಸ್ಟ್‌ಚರ್ಚಿನ ಉತ್ತರ ಸಿಗದ ಪ್ರಶ್ನೆ ಇದೆ.

ನಿಮ್ಮಲ್ಲಿ ಯಾರಾದರೂ ಜಕ್ಕೂರಿನಲ್ಲೋ ಬಾರಾಮತಿಯಲ್ಲೋ ಹಾರೋಕೆ ಕಲೀತಿದ್ರೆ, ಅಥವಾ ನಿಮ್ಮ ಮಗ ಮಗಳು ಕಲೀತಿದ್ರೆ, ಅವರಿಗೆ ಒಂದು ಮಾತು ಹೇಳಿ. ಹೊಸ ಚಾರ್ಜರ್, ಹೊಸ ಕ್ಯಾಮೆರಾ, ಹೊಸ ಟ್ಯಾಬ್ಲೆಟ್ ಯಾವುದನ್ನೇ ಕಾಕ್‌ಪಿಟ್ಟಿಗೆ ಒಯ್ಯಲಿ, ಮೊದಲು ನೆಲದ ಮೇಲೆ ಒಂದು ಸಲ ಆನ್ ಮಾಡಿ, ಒಂದು ಸಲ ಆಫ್ ಮಾಡಿ, ರೇಡಿಯೋ, ಮುಳ್ಳು, ಜಿಪಿಎಸ್ ಮೂರನ್ನೂ ನೋಡಲಿ. ಐದು ನಿಮಿಷದ ಕೆಲಸ. ಮೋಡದೊಳಗೆ ಹೋದ ಮೇಲೆ ಆ ಐದು ನಿಮಿಷ ಸಿಗಲ್ಲ.